ಕಾಡು ರೋಸ್ಮರಿಯ ತೈಲದಲ್ಲಿ ನೆಲದ ಪಾಲೆಷ್ಟು? ಹಂತ ಹಂತವಾಗಿ ತಿಳಿಯುವ ಬಗೆ

ರೋಸ್ಮರಿ ಎಣ್ಣೆಯ ಎರಡು ಬಾಟಲಿಗಳನ್ನು ತೆರೆದು ಮೂಸಿ ನೋಡಿ. ಒಂದರಲ್ಲಿ ನೀಲಗಿರಿ ಎಣ್ಣೆಯ ತಂಪು, ಇನ್ನೊಂದರಲ್ಲಿ ಕರ್ಪೂರದ ಘಾಟು ಮುಂದಾಗಿ ಬರಬಹುದು. ಎರಡೂ ಕಲಬೆರಕೆಯಿಲ್ಲದವೇ ಆಗಿರಬಹುದು, ಎರಡೂ ಒಂದೇ ಜಾತಿಯ ಗಿಡದಿಂದ ಬಂದಿರಬಹುದು. ಮೊರಾಕೊ ಮತ್ತು ಟುನೀಷಿಯಾದ ಗುಡ್ಡಗಳಲ್ಲಿ ತಾನಾಗಿ ಬೆಳೆಯುವ ರೋಸ್ಮರಿಯ ಎಣ್ಣೆಯಲ್ಲಿ ಸಿನಿಯೋಲ್ ಎಂಬ ಘಟಕ ಶೇ 38ರಿಂದ 55ರಷ್ಟು ಇರಬೇಕೆಂದು ಯುರೋಪಿಯನ್ ಫಾರ್ಮಕೋಪಿಯಾ, ಅಂದರೆ ಔಷಧಗಳ ಗುಣಮಟ್ಟ ನಿಗದಿಪಡಿಸುವ ಯುರೋಪಿನ ಅಧಿಕೃತ ಗ್ರಂಥ, ಹೇಳುತ್ತದೆ. ನೀಲಗಿರಿ ಎಣ್ಣೆಯ ಮುಖ್ಯ ಘಟಕವೂ ಇದೇ. ಸ್ಪೇನ್ ಬಗೆಯ ಎಣ್ಣೆಗೆ ಅದೇ ಗ್ರಂಥ ಬೇರೆ ಮಿತಿ ಕೊಟ್ಟಿದೆ: ಸಿನಿಯೋಲ್ ಶೇ 16ರಿಂದ 25, ಕರ್ಪೂರ ಶೇ 13ರಿಂದ 21. ಫ್ರಾನ್ಸ್‌ನ ಕಾರ್ಸಿಕಾ ದ್ವೀಪದ್ದು ಮೂರನೆಯ ಬಗೆ. ಅಲ್ಲಿ ವರ್ಬೆನೋನ್ ಮತ್ತು ಬಾರ್ನೈಲ್ ಅಸಿಟೇಟ್ ಎಂಬ ಘಟಕಗಳು ಎದ್ದು ಕಾಣುತ್ತವೆ.

ಇದೆಲ್ಲ ಬೆಳೆದ ಜಾಗದ ಪ್ರಭಾವ ಎಂದು ಹೇಳಿಬಿಡುವುದು ಸುಲಭ. ಮಾರಾಟದ ಬರಹಗಳಲ್ಲಿ ಹಾಗೆಯೇ ಹೇಳುತ್ತಾರೆ. ಆದರೆ ಬಾಟಲಿಯೊಳಗಿನ ವ್ಯತ್ಯಾಸದಲ್ಲಿ ಗಿಡದ ವಂಶಗುಣ, ಬೆಳೆದ ಪರಿಸರ, ಕೊಯ್ದ ಕಾಲ, ಬಟ್ಟಿ ಇಳಿಸಿದ ರೀತಿ ನಾಲ್ಕೂ ಬೆರೆತಿರುತ್ತವೆ. ಉಳಿದ ಮೂರನ್ನು ಪಕ್ಕಕ್ಕೆ ಸರಿಸಿದ ಮೇಲಷ್ಟೇ ಪರಿಸರದ ಪಾಲು ಕಣ್ಣಿಗೆ ಬೀಳುತ್ತದೆ. ಹಾಗೆ ಸರಿಸುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಸಸ್ಯಶಾಸ್ತ್ರ ಮತ್ತು ಔಷಧಶಾಸ್ತ್ರದ ವಿದ್ಯಾರ್ಥಿಗಳಿಗೆ, ಸಣ್ಣ ಬಟ್ಟಿ ಘಟಕ ನಡೆಸುವವರಿಗೆ, ಸಾಬೂನು ಮತ್ತು ತಲೆಗೂದಲ ಎಣ್ಣೆ ತಯಾರಿಸಲು ಇದನ್ನು ಕೊಳ್ಳುವವರಿಗೆ ಉಪಯೋಗವಾಗಬೇಕೆಂಬುದು ನನ್ನ ಆಸೆ.

ಹಂತ 1: ಗಿಡ ಯಾವುದೆಂದು ಖಚಿತಪಡಿಸಿಕೊಳ್ಳಿ

ಕಾಡು ರೋಸ್ಮರಿ ಎಂಬ ಹೆಸರಿನಲ್ಲಿ ಕನಿಷ್ಠ ಮೂರು ಸಂಬಂಧವಿಲ್ಲದ ಗಿಡಗಳು ಓಡಾಡುತ್ತವೆ. ದಕ್ಷಿಣ ಆಫ್ರಿಕಾದ ಕೇಪ್ ಪ್ರದೇಶದಲ್ಲಿ ಈ ಹೆಸರು ಎರಿಯೋಸೆಫಾಲಸ್ ಆಫ್ರಿಕಾನಸ್‌ಗೆ ಸಲ್ಲುತ್ತದೆ. ಅದು ಸೇವಂತಿಗೆಯ ಕುಟುಂಬದ್ದು. ಉತ್ತರ ಯುರೋಪಿನ ಜೌಗು ನೆಲದಲ್ಲಿ ಬೆಳೆಯುವ ರೋಡೊಡೆಂಡ್ರಾನ್ ಟೊಮೆಂಟೋಸಮ್ ಕೂಡ ಇದೇ ಹೆಸರು ಪಡೆದಿದೆ, ಅದರ ಎಣ್ಣೆಯಲ್ಲಿ ಲೆಡೋಲ್ ಎಂಬ ವಿಷಕಾರಿ ಅಂಶವಿದೆ. ನಾವು ಮಾತನಾಡುತ್ತಿರುವುದು ತುಳಸಿಯ ಕುಟುಂಬಕ್ಕೆ ಸೇರಿದ ಮೆಡಿಟರೇನಿಯನ್ ರೋಸ್ಮರಿಯ ಬಗ್ಗೆ. ಇದರ ಹಳೆಯ ವೈಜ್ಞಾನಿಕ ಹೆಸರು ರೋಸ್‌ಮರಿನಸ್ ಅಫಿಷಿನಾಲಿಸ್. 2017ರಲ್ಲಿ ಇದನ್ನು ಸಾಲ್ವಿಯಾ ಕುಲಕ್ಕೆ ಸೇರಿಸಿ ಸಾಲ್ವಿಯಾ ರೋಸ್‌ಮರಿನಸ್ ಎಂದು ಕರೆದರು. ಬಾಟಲಿಯ ಮೇಲೆ ಈ ಎರಡರಲ್ಲಿ ಯಾವ ಹೆಸರಿದ್ದರೂ ಸರಿ. ವೈಜ್ಞಾನಿಕ ಹೆಸರೇ ಇಲ್ಲದಿದ್ದರೆ ಅದನ್ನು ಹೋಲಿಕೆಗೆ ತೆಗೆದುಕೊಳ್ಳಬೇಡಿ.

ಕಾಡಿನಿಂದ ಮಾದರಿ ತರುವವರು ಇನ್ನೊಂದು ಎಚ್ಚರ ವಹಿಸಬೇಕು. ಮೊರಾಕೊ, ಅಲ್ಜೀರಿಯಾ ಮತ್ತು ದಕ್ಷಿಣ ಸ್ಪೇನ್‌ನಲ್ಲಿ ರೋಸ್‌ಮರಿನಸ್ ಎರಿಯೋಕ್ಯಾಲಿಕ್ಸ್ ಎಂಬ ಹತ್ತಿರದ ಸೋದರ ಜಾತಿಯೂ ಬೆಳೆಯುತ್ತದೆ. ಹೂಬಿಟ್ಟ ಒಂದು ಟಿಸಿಲನ್ನು ಒತ್ತಿ ಒಣಗಿಸಿ ಹರ್ಬೇರಿಯಂಗೆ (ಒಣಗಿಸಿದ ಸಸ್ಯಗಳ ಸಂಗ್ರಹಾಲಯಕ್ಕೆ) ಕೊಟ್ಟು ಗುರುತು ಪಕ್ಕಾ ಮಾಡಿಕೊಳ್ಳದಿದ್ದರೆ, ಜಾತಿಯ ವ್ಯತ್ಯಾಸವನ್ನು ಮಣ್ಣಿನ ವ್ಯತ್ಯಾಸವೆಂದು ಬರೆದುಬಿಡುವ ಅಪಾಯವಿದೆ.

ಹಂತ 2: ತೈಲ ಎಲ್ಲಿ ಕೂತಿದೆ ಎಂದು ನೋಡಿ

ಒಂದು ಎಲೆಯನ್ನು ತಿರುವಿ ಹಿಡಿಯಿರಿ. ಅಂಚುಗಳು ಒಳಮುಖವಾಗಿ ಸುರುಳಿಗೊಂಡಿವೆ, ಕೆಳಭಾಗ ಬಿಳಿ ರೋಮದಿಂದ ತುಂಬಿದೆ. ಆ ರೋಮಗಳ ನಡುವೆ ಹುದುಗಿರುವ ಸೂಕ್ಷ್ಮ ಗ್ರಂಥಿಗಳಲ್ಲಿ ತೈಲ ಶೇಖರವಾಗುತ್ತದೆ. ಹತ್ತು ಪಟ್ಟು ಹಿಗ್ಗಿಸುವ ಕೈಮಸೂರ ಇದ್ದರೆ ಹೊಳೆಯುವ ಚುಕ್ಕೆಗಳಾಗಿ ಕಾಣುತ್ತವೆ.

ಪರಿಸರ ತೈಲದ ಮೇಲೆ ಎರಡು ದಾರಿಗಳಿಂದ ಕೈಯಾಡಿಸುತ್ತದೆ. ಎಲೆ ಚಿಗುರುವಾಗ ಸಿಕ್ಕ ಬೆಳಕು, ನೀರು ಮತ್ತು ಶಾಖ ಎಲೆಯ ಗಾತ್ರವನ್ನೂ ಗ್ರಂಥಿಗಳ ದಟ್ಟಣೆಯನ್ನೂ ತೀರ್ಮಾನಿಸುತ್ತವೆ. ಇದು ಇಳುವರಿಯ ಲೆಕ್ಕ. ಗ್ರಂಥಿಯೊಳಗೆ ಯಾವ ಕಿಣ್ವ ಎಷ್ಟು ಚುರುಕಾಗಿದೆ ಎಂಬುದು ಘಟಕಗಳ ಪ್ರಮಾಣವನ್ನು ತೀರ್ಮಾನಿಸುತ್ತದೆ. ಸಿನಿಯೋಲ್, ಪೈನೀನ್, ಕರ್ಪೂರ ಎಲ್ಲವೂ ಒಂದೇ ಕಚ್ಚಾ ವಸ್ತುವಿನಿಂದ ಹೊರಡುತ್ತವೆ. ಒಂದು ಕಿಣ್ವ ಅದನ್ನು ಸಿನಿಯೋಲ್ ಮಾಡುತ್ತದೆ. ಇನ್ನೊಂದು ಅದನ್ನು ಬಾರ್ನಿಯೋಲ್ ಕಡೆಗೆ ಒಯ್ಯುತ್ತದೆ, ಬಾರ್ನಿಯೋಲ್ ಮುಂದೆ ಕರ್ಪೂರವಾಗುತ್ತದೆ. ಆಲ್ಫಾ ಪೈನೀನ್ ಆಕ್ಸಿಡೀಕರಣಗೊಂಡರೆ ವರ್ಬೆನೋನ್ ಸಿಗುತ್ತದೆ. ಯಾವ ಕಿಣ್ವಗಳು ಇರಬೇಕು ಎಂಬುದನ್ನು ವಂಶವಾಹಿ ನಿರ್ಧರಿಸುತ್ತದೆ. ಪರಿಸರ ಮಾಡುವುದು ಅವುಗಳ ಚುರುಕನ್ನು ಹೆಚ್ಚು ಕಡಿಮೆ ಮಾಡುವ ಕೆಲಸ. ಕರ್ಪೂರ ಬಗೆಯ ಗಿಡವನ್ನು ಎಷ್ಟೇ ಒಳ್ಳೆಯ ಬಿಸಿಲಿಗೆ ಇಟ್ಟರೂ ಅದು ಮೊರಾಕೊದ ಸಿನಿಯೋಲ್ ಬಗೆಯಾಗಿ ಬದಲಾಗುವುದಿಲ್ಲ.

ಎಲೆಯಲ್ಲಿರುವ ಎಲ್ಲವೂ ತೈಲಕ್ಕೆ ಬರುವುದಿಲ್ಲ ಎಂಬುದನ್ನೂ ನೆನಪಿಡಿ. ಕಾರ್ನೋಸಿಕ್ ಆಮ್ಲ, ರೋಸ್ಮರಿನಿಕ್ ಆಮ್ಲ ಆವಿಯೊಂದಿಗೆ ಏರುವುದಿಲ್ಲ. ಬರಗಾಲದಲ್ಲಿ ಇವು ಹೇಗೆ ಬದಲಾಗುತ್ತವೆ ಎಂಬ ಅಧ್ಯಯನಗಳನ್ನು ಬಟ್ಟಿ ಎಣ್ಣೆಗೆ ಅನ್ವಯಿಸಿ ಬರೆಯುವವರು ಬಹಳ. ಅದು ತಪ್ಪು.

ಹಂತ 3: ವಂಶಗುಣವನ್ನು ಬೇರ್ಪಡಿಸಿ

ಈ ಹಂತವನ್ನು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ ಎಂದೇ ನಾನು ನಂಬಿದ್ದೇನೆ. ಮೊರಾಕೊ ಒಂದರಲ್ಲೇ ನೋಡಿ: ರಬಾತ್ ಕಡೆಯ ಮಾದರಿಗಳಲ್ಲಿ ಸಿನಿಯೋಲ್, ಅಕ್ನೂಲ್‌ನಲ್ಲಿ ಕರ್ಪೂರ, ಎಲ್ ಅತೆಫ್‌ನಲ್ಲಿ ಆಲ್ಫಾ ಪೈನೀನ್ ಮುಂಚೂಣಿಯಲ್ಲಿವೆ. ಟುನೀಷಿಯಾದಲ್ಲಿಯೂ ಸಾಮಾನ್ಯ ರೋಸ್ಮರಿಯ ಜೊತೆಗೆ ಕರ್ಪೂರ ಹೆಚ್ಚಿರುವ ಒಂದು ಸ್ಥಳೀಯ ಉಪಬಗೆ ಇದೆ. ದೇಶದ ಹೆಸರನ್ನಷ್ಟೇ ನೋಡಿ ತೀರ್ಮಾನಕ್ಕೆ ಬರುವಂತಿಲ್ಲ.

ಬೇರ್ಪಡಿಸುವ ವಿಧಾನ ಸರಳ, ಆದರೆ ಸಮಯ ಬೇಡುತ್ತದೆ. ಎರಡು ಜಾಗಗಳ ಗಿಡಗಳಿಂದ ಹತ್ತು ಹನ್ನೆರಡು ಸೆಂಟಿಮೀಟರ್ ಉದ್ದದ, ತುಸು ಬಲಿತ ಟಿಸಿಲುಗಳನ್ನು ಕತ್ತರಿಸಿ, ಕೆಳಗಿನ ಎಲೆಗಳನ್ನು ಸವರಿ, ಮರಳು ಹೆಚ್ಚಿರುವ ಮಿಶ್ರಣದಲ್ಲಿ ನೆಡಿ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರದಲ್ಲಿ ಬೇರು ಬರುತ್ತದೆ. ಒಂದು ತಾಯಿಗಿಡದ ತುಂಡುಗಳೆಲ್ಲ ಒಂದೇ ವಂಶಗುಣದವು. ಎರಡೂ ಜಾಗಗಳ ಸಸಿಗಳನ್ನು ಒಂದೇ ತೋಟದಲ್ಲಿ, ಒಂದೇ ಮಣ್ಣಿನಲ್ಲಿ, ಬೆರೆಸಿ ನೆಟ್ಟು ಕನಿಷ್ಠ ಒಂದು ಪೂರ್ಣ ವರ್ಷ ಬೆಳೆಸಿ. ಆಮೇಲೂ ಎಣ್ಣೆಗಳು ಬೇರೆ ಬೇರೆಯಾಗಿಯೇ ಉಳಿದರೆ ಅದು ತಳಿಯ ಗುಣ. ವ್ಯತ್ಯಾಸ ಕರಗಿಹೋದರೆ ಅದು ನೆಲ ಮತ್ತು ಹವೆಯ ಕೆಲಸವಾಗಿತ್ತು. ಸಾಧ್ಯವಿದ್ದವರು ಅದೇ ತಾಯಿಗಿಡದ ಸಸಿಗಳನ್ನು ಎರಡು ಬೇರೆ ಜಾಗಗಳಲ್ಲೂ ನೆಡಬೇಕು. ಆಗ ಪರಿಸರದ ಪಾಲು ನೇರವಾಗಿ ಅಳತೆಗೆ ಸಿಗುತ್ತದೆ. ಬೀಜದಿಂದ ಬೆಳೆದ ಸಸಿಗಳು ಈ ಪರೀಕ್ಷೆಗೆ ಒಗ್ಗುವುದಿಲ್ಲ, ಏಕೆಂದರೆ ಪ್ರತಿಯೊಂದೂ ಸ್ವಲ್ಪ ಸ್ವಲ್ಪ ಬೇರೆ.

ವಿದೇಶದಿಂದ ಸಸಿ ಅಥವಾ ಟಿಸಿಲು ತರುವುದಾದರೆ ಭಾರತದ ಸಸ್ಯ ಸಂಪರ್ಕ ನಿಷೇಧ (ಪ್ಲಾಂಟ್ ಕ್ವಾರಂಟೈನ್) ನಿಯಮದ ಪ್ರಕಾರ ಆಮದು ಪರವಾನಗಿ ಮತ್ತು ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಕಾಡಿನಿಂದ ತರುವುದಾದರೆ ಅಲ್ಲಿನ ಅರಣ್ಯ ಇಲಾಖೆಯ ಅನುಮತಿಯೂ ಬೇಕಾಗಬಹುದು.

ಹಂತ 4: ಜಾಗವನ್ನು ಅಳೆದು ಬರೆದಿಡಿ

ಮೆಡಿಟರೇನಿಯನ್ ಹವಾಮಾನದ ಸ್ವಭಾವ ನಮ್ಮದಕ್ಕೆ ತಿರುವುಮುರುವು. ಅಲ್ಲಿ ಮಳೆ ಬರುವುದು ಚಳಿಗಾಲದಲ್ಲಿ. ಬೇಸಿಗೆ ಬಿಸಿ ಮತ್ತು ಒಣ. ರೋಸ್ಮರಿ ಆ ಒಣ ಬೇಸಿಗೆಗೆ ಹೊಂದಿಕೊಂಡ ಪೊದೆ. ಸುಣ್ಣಕಲ್ಲಿನ ಬರಡು ಇಳಿಜಾರುಗಳಲ್ಲಿ, ಅಲೆಪ್ಪೊ ಪೈನ್ ಮರಗಳ ನಡುವಿನ ತೆರಪಿನಲ್ಲಿ, ಪೂರ್ವ ಮೊರಾಕೊದಲ್ಲಿ ಅಲ್ಫಾ ಎಂಬ ಹುಲ್ಲಿನ ಜೊತೆಗೆ ಇದು ಹಬ್ಬಿದೆ. ಪ್ರತಿ ಜಾಗದಲ್ಲೂ ಈ ಸಂಗತಿಗಳನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆಯಿರಿ.

ಬೆಳಕು. ಜಾಗ ಬಯಲೋ, ಮರದ ನೆರಳೋ? ಇಳಿಜಾರು ಯಾವ ದಿಕ್ಕಿಗೆ ಮುಖಮಾಡಿದೆ? ಉತ್ತರಾರ್ಧ ಗೋಳದಲ್ಲಿ ದಕ್ಷಿಣಕ್ಕೆ ಮುಖಮಾಡಿದ ಇಳಿಜಾರು ಹೆಚ್ಚು ಬಿಸಿಲು ತಿಂದು ಬೇಗ ಒಣಗುತ್ತದೆ. ನೆರಳಿನಲ್ಲಿ ಬೆಳೆದ ಎಲೆ ಅಗಲವಾಗಿ, ತೆಳ್ಳಗೆ ಇರುತ್ತದೆ, ತೈಲಗ್ರಂಥಿಗಳು ಚದರಿರುತ್ತವೆ. ಒಂದೇ ಗುಡ್ಡದ ಎರಡು ಮಗ್ಗುಲುಗಳಿಂದ ಮಾದರಿ ತೆಗೆದರೆ ಎತ್ತರ, ಮಳೆ, ಬಂಡೆ ಎಲ್ಲ ಹೆಚ್ಚುಕಡಿಮೆ ಒಂದೇ ಇದ್ದು ಬೆಳಕು ಮತ್ತು ತೇವ ಮಾತ್ರ ಬದಲಾಗುತ್ತವೆ. ಕಡಿಮೆ ಖರ್ಚಿನಲ್ಲಿ ಇದಕ್ಕಿಂತ ಒಳ್ಳೆಯ ಹೋಲಿಕೆ ಸಿಗುವುದು ಕಷ್ಟ.

ನೀರು. ಕೊಯ್ಲಿಗೆ ಹಿಂದಿನ ಮೂರು ತಿಂಗಳ ಮಳೆಯ ಲೆಕ್ಕವನ್ನು ಹತ್ತಿರದ ಹವಾಮಾನ ಕೇಂದ್ರದಿಂದ ಪಡೆಯಿರಿ, ವಾರ್ಷಿಕ ಸರಾಸರಿಯೊಂದೇ ಸಾಲದು. ನೀರಿನ ಕೊರತೆ ಎಣ್ಣೆಯನ್ನು ಹೆಚ್ಚಿಸುತ್ತದೆ ಎಂಬ ಮಾತು ಅರ್ಧ ಮಾತ್ರ ನಿಜ. ಮಿತವಾದ ಕೊರತೆಯಲ್ಲಿ ಎಲೆ ಸಣ್ಣದಾಗಿ ಗ್ರಂಥಿಗಳು ಒತ್ತೊತ್ತಾಗುತ್ತವೆ, ಹಾಗಾಗಿ ನೂರು ಗ್ರಾಂ ಎಲೆಗೆ ಸಿಗುವ ಎಣ್ಣೆ ಏರಬಹುದು. ಆದರೆ ಗಿಡವೊಂದರ ಎಲೆಯ ತೂಕವೇ ಕುಸಿದಿರುವುದರಿಂದ ಒಂದು ಎಕರೆಗೆ ಸಿಗುವ ಎಣ್ಣೆ ಇಳಿಯಬಹುದು. ಕೊರತೆ ತೀವ್ರವಾದಾಗ ಗಿಡ ಎಲೆ ಉದುರಿಸುತ್ತದೆ, ದ್ಯುತಿಸಂಶ್ಲೇಷಣೆ ಕುಂಠಿತವಾಗುತ್ತದೆ, ಶೇಕಡಾವಾರು ಲೆಕ್ಕವೂ ಕೈಕೊಡುತ್ತದೆ. ಎಲೆಯ ಲೆಕ್ಕ, ಗಿಡದ ಲೆಕ್ಕ ಎರಡನ್ನೂ ಬೇರೆ ಬೇರೆ ಕಾಲಂನಲ್ಲಿ ಬರೆಯಿರಿ.

ಮಣ್ಣು. ಹದಿನೈದು ಇಪ್ಪತ್ತು ಸೆಂಟಿಮೀಟರ್ ಆಳದಿಂದ ಮಣ್ಣು ತೆಗೆದು ರಸಸಾರ, ಸುಣ್ಣದ ಅಂಶ, ಸಾವಯವ ಇಂಗಾಲ, ಸಾರಜನಕ ಮತ್ತು ಲವಣಾಂಶ ಪರೀಕ್ಷಿಸಿ. ಸ್ಥಳದಲ್ಲೇ ಸುಣ್ಣ ತಿಳಿಯಬೇಕಿದ್ದರೆ ನಾಲ್ಕು ಹನಿ ವಿನಿಗರ್ ಹಾಕಿ, ನೊರೆ ಎದ್ದರೆ ಸುಣ್ಣವಿದೆ. ನೀರು ಬಸಿದುಹೋಗುವ ಗುಣ ನನ್ನ ಮಟ್ಟಿಗೆ ರಸಸಾರಕ್ಕಿಂತ ಮುಖ್ಯ: ಒಂದಡಿ ಗುಂಡಿ ತೋಡಿ ನೀರು ತುಂಬಿಸಿ, ಇಂಗಲು ಎಷ್ಟು ಹೊತ್ತು ಬೇಕಾಯಿತು ನೋಡಿ. ಸಾರಜನಕ ಹೆಚ್ಚಿರುವಲ್ಲಿ ಎಲೆ ಸೊಂಪಾಗಿ ಬೆಳೆಯುತ್ತದೆ, ಗಿಡದ ಒಟ್ಟು ಎಣ್ಣೆ ಹೆಚ್ಚುತ್ತದೆ. ಎಲೆಯ ತೂಕಕ್ಕೆ ಲೆಕ್ಕ ಹಾಕಿದರೆ ಕೆಲವೊಮ್ಮೆ ಕಡಿಮೆಯೇ ಕಾಣುತ್ತದೆ.

ಎತ್ತರ. ಇದರ ಬಗ್ಗೆ ಒಂದು ಸಾಲಿನ ನಿಯಮ ಹೇಳುವವರನ್ನು ನಂಬಬೇಡಿ. ಎತ್ತರ ಏರಿದಂತೆ ಶಾಖ, ಮಳೆ, ನೇರಳಾತೀತ ಕಿರಣ, ಹಿಮ ಬೀಳುವ ದಿನಗಳು, ಮಣ್ಣಿನ ಆಳ ಎಲ್ಲವೂ ಒಟ್ಟಿಗೆ ಬದಲಾಗುತ್ತವೆ. ಎತ್ತರವನ್ನು ಬರೆದಿಡಿ, ಆದರೆ ಕಾರಣವನ್ನು ಅದರ ಹಿಂದೆ ಹುಡುಕಿ.

ಮೇವು ಮತ್ತು ಹಿಂದಿನ ಕೊಯ್ಲು. ಮೇಕೆ ತಿಂದ ಅಥವಾ ಕಳೆದ ವರ್ಷ ಕತ್ತರಿಸಿದ ಪೊದೆಯಲ್ಲಿ ಎಳೆಯ ಎಲೆಗಳ ಪಾಲು ಹೆಚ್ಚು. ಎಳೆ ಎಲೆ ಮತ್ತು ಬಲಿತ ಎಲೆಗಳ ಎಣ್ಣೆ ಪ್ರಮಾಣದಲ್ಲಿಯೂ ಘಟಕಗಳಲ್ಲಿಯೂ ಬೇರೆ. ಇದನ್ನು ಕೇಳಿ ತಿಳಿಯದೆ ಎರಡು ಜಾಗಗಳನ್ನು ಹೋಲಿಸಬೇಡಿ.

ಹಂತ 5: ಒಂದೇ ಬಗೆಯಲ್ಲಿ ಕೊಯ್ಯಿರಿ

ಎರಡೂ ಜಾಗಗಳಲ್ಲಿ ಗಿಡ ಒಂದೇ ಹಂತದಲ್ಲಿರಬೇಕು. ತಾರೀಖು ಒಂದೇ ಇದ್ದರೆ ಸಾಲದು. ಕರಾವಳಿಯಲ್ಲಿ ಹೂ ಮುಗಿದಿರುವ ವಾರದಲ್ಲೇ ಗುಡ್ಡದ ಮೇಲೆ ಮೊಗ್ಗು ಕಾಣುತ್ತಿರಬಹುದು. ಪೂರ್ತಿ ಹೂಬಿಟ್ಟ ಹಂತ ಅಥವಾ ಹೂ ಉದುರಿದ ಮೇಲಿನ ಹಂತ, ಯಾವುದಾದರೊಂದನ್ನು ಆರಿಸಿ ಅದಕ್ಕೇ ಅಂಟಿಕೊಳ್ಳಿ. ಇಬ್ಬನಿ ಆರಿದ ಮೇಲೆ, ಎಲ್ಲ ಕಡೆ ಒಂದೇ ಹೊತ್ತಿನಲ್ಲಿ ಕೊಯ್ಯಿರಿ. ಪ್ರತಿ ಜಾಗದಲ್ಲಿ ಕನಿಷ್ಠ ಹತ್ತು ಪೊದೆಗಳಿಂದ, ಒಂದಕ್ಕೊಂದು ಐದಾರು ಮೀಟರ್ ದೂರವಿರುವಂತೆ ಆರಿಸಿ. ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿದರೆ ಪೊದೆಯಿಂದ ಪೊದೆಗೆ ಇರುವ ವ್ಯತ್ಯಾಸ ಮುಚ್ಚಿಹೋಗುತ್ತದೆ. ಹಣ ಇರುವಷ್ಟು ಮಟ್ಟಿಗೆ ಪ್ರತಿ ಪೊದೆಯನ್ನು ಬೇರೆಯಾಗಿ ಬಟ್ಟಿ ಇಳಿಸಿ.

ಎಲೆಯಿರುವ ಮೇಲಿನ ಮೂರನೇ ಒಂದು ಭಾಗವನ್ನಷ್ಟೇ ಕತ್ತರಿಸಿ. ರೋಸ್ಮರಿಯ ಬೋಳು ಹಳೆಯ ಕಾಂಡದಿಂದ ಮತ್ತೆ ಚಿಗುರು ಬರುವುದು ಅಪರೂಪ. ಕಾಡ್ಗಿಚ್ಚಿನಲ್ಲಿ ಸುಟ್ಟ ಪೊದೆಯೂ ಬುಡದಿಂದ ಚಿಗುರುವುದಿಲ್ಲ, ಬೀಜದಿಂದಲೇ ಹೊಸ ಗಿಡ ಬರಬೇಕು. ಬುಡಕ್ಕೆ ಕೊಯ್ದರೆ ಪೊದೆಯನ್ನು ಕೊಂದಂತೆ. ಟುನೀಷಿಯಾದಲ್ಲಿ, ಮೊರಾಕೊದಲ್ಲಿ ಎಷ್ಟೋ ಗುಡ್ಡಗಾಡು ಕುಟುಂಬಗಳ ವರಮಾನ ಈ ಪೊದೆಗಳ ಮೇಲೆ ನಿಂತಿದೆ. ಸಂಶೋಧನೆಯ ಹೆಸರಿನಲ್ಲಿ ಅವನ್ನು ಹಾಳುಮಾಡುವ ಹಕ್ಕು ಯಾರಿಗೂ ಇಲ್ಲ.

ಹಂತ 6: ಒಣಗಿಸುವುದು, ಬಟ್ಟಿ ಇಳಿಸುವುದು

ನೆರಳಿನಲ್ಲಿ, ಗಾಳಿಯಾಡುವ ಕಡೆ, ತೆಳುವಾಗಿ ಹರಡಿ ಒಣಗಿಸಿ. ಬಿಸಿಲಲ್ಲಿ ಒಣಗಿಸಿದರೆ ಹಗುರ ಘಟಕಗಳು ಮೊದಲು ಹಾರಿಹೋಗುತ್ತವೆ. ಯಂತ್ರ ಬಳಸುವುದಾದರೆ 40 ಡಿಗ್ರಿ ಸೆಲ್ಸಿಯಸ್ ದಾಟಬೇಡಿ. ಒಣಗಿದ ಮೇಲೆ ಎಲೆ ಉದುರಿಸಿ ಕಡ್ಡಿ ತೆಗೆದುಬಿಡಿ, ಏಕೆಂದರೆ ಕಡ್ಡಿಯಲ್ಲಿ ಎಣ್ಣೆ ಬಹಳ ಕಡಿಮೆ. ಕಡ್ಡಿಯ ಪಾಲು ಹೆಚ್ಚಿದ್ದ ಮಾದರಿ ಸುಮ್ಮನೆ ಬಡವಾಗಿ ಕಾಣುತ್ತದೆ. ಪ್ರತಿ ಮಾದರಿಯಿಂದ ಐದು ಗ್ರಾಂ ಎಲೆಯನ್ನು 105 ಡಿಗ್ರಿಯಲ್ಲಿ ತೂಕ ನಿಲ್ಲುವವರೆಗೆ ಒಣಗಿಸಿ ಉಳಿದ ತೇವಾಂಶ ಕಂಡುಹಿಡಿಯಿರಿ. ಲೆಕ್ಕವೆಲ್ಲ ಪೂರ್ತಿ ಒಣ ತೂಕದ ಮೇಲೆಯೇ ನಡೆಯಬೇಕು.

ಪ್ರಯೋಗಾಲಯದಲ್ಲಿ ಕ್ಲೆವೆಂಜರ್ ಉಪಕರಣ (ಸುಗಂಧ ತೈಲವನ್ನು ಬಟ್ಟಿ ಇಳಿಸಿ ಅಳೆಯುವ ಗಾಜಿನ ಸಾಧನ) ಸಾಕು. ನೂರು ಗ್ರಾಂ ಎಲೆ, ಒಂದು ಲೀಟರ್ ನೀರು, ಕುದಿ ಹತ್ತಿದ ಮೇಲೆ ಮೂರು ಗಂಟೆ. ಸಮಯವನ್ನು ಗಡಿಯಾರ ನೋಡಿಯೇ ನಿಲ್ಲಿಸಿ. ಪೈನೀನ್ ಮತ್ತು ಸಿನಿಯೋಲ್ ಬೇಗ ಇಳಿಯುತ್ತವೆ. ಕರ್ಪೂರ, ಬಾರ್ನಿಯೋಲ್, ವರ್ಬೆನೋನ್, ಬಾರ್ನೈಲ್ ಅಸಿಟೇಟ್ ಹಿಂದೆ ಬರುತ್ತವೆ. ಒಂದು ಮಾದರಿಯನ್ನು ಒಂದು ಗಂಟೆಗೆ ನಿಲ್ಲಿಸಿ ಇನ್ನೊಂದನ್ನು ಮೂರು ಗಂಟೆ ಓಡಿಸಿದರೆ ಎರಡು ಬೇರೆ ದೇಶದ ಎಣ್ಣೆಗಳಂತೆ ತೋರುತ್ತವೆ. ಹಳ್ಳಿಯ ದೊಡ್ಡ ಬಟ್ಟಿಗಳಲ್ಲಿ ಸೌದೆ ಉಳಿಸಲು ಬೇಗ ನಿಲ್ಲಿಸುವುದುಂಟು. ಹಾಗೆ ಬಂದ ಎಣ್ಣೆಯ ಸಿನಿಯೋಲ್ ಹೆಚ್ಚಳಕ್ಕೆ ಗುಡ್ಡದ ಮಣ್ಣನ್ನು ಹೊಗಳುವುದು ನ್ಯಾಯವಲ್ಲ.

ಇಳಿದ ಎಣ್ಣೆಯನ್ನು ನೀರಿಲ್ಲದ ಸೋಡಿಯಂ ಸಲ್ಫೇಟ್‌ನಿಂದ ಒಣಗಿಸಿ, ಕಂದು ಗಾಜಿನ ಸೀಸೆಯಲ್ಲಿ ಕತ್ತಿನವರೆಗೆ ತುಂಬಿ, 4 ಡಿಗ್ರಿಯಲ್ಲಿಡಿ. ಅರ್ಧ ಖಾಲಿ ಸೀಸೆಯಲ್ಲಿ ಗಾಳಿ ಸೇರಿ ಪೈನೀನ್ ಹಾಳಾಗುತ್ತದೆ, ಜೊತೆಗೆ ವರ್ಬೆನೋನ್‌ನಂಥ ಆಕ್ಸಿಡೀಕೃತ ಘಟಕಗಳು ಹೊಸದಾಗಿ ಹುಟ್ಟುತ್ತವೆ.

ಹಂತ 7: ವರದಿಯನ್ನು ಓದಿ

ಎಣ್ಣೆಯ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಗ್ಯಾಸ್ ಕ್ರೊಮ್ಯಾಟೋಗ್ರಫಿ ಪರೀಕ್ಷೆಯ ವರದಿಯಲ್ಲಿ ಘಟಕಗಳ ಎದುರು ಶೇಕಡಾ ಅಂಕಿಗಳಿರುತ್ತವೆ. ಒಟ್ಟು ನೂರೇ ಆಗಬೇಕಾದ್ದರಿಂದ ಒಂದು ಏರಿದರೆ ಉಳಿದವು ಇಳಿದಂತೆ ಕಾಣಲೇಬೇಕು. ಲೆಕ್ಕಕ್ಕಾಗಿ ಒಂದು ಕಲ್ಪಿತ ಉದಾಹರಣೆ: ಬಿಸಿಲ ಮಗ್ಗುಲಿನ ನೂರು ಗ್ರಾಂ ಎಲೆಯಿಂದ 2 ಮಿಲಿಲೀಟರ್ ಎಣ್ಣೆ ಬಂದು ಅದರಲ್ಲಿ ಸಿನಿಯೋಲ್ ಶೇ 45 ಇದೆ, ನೆರಳ ಮಗ್ಗುಲಿನಿಂದ 1.2 ಮಿಲಿಲೀಟರ್ ಬಂದು ಸಿನಿಯೋಲ್ ಶೇ 50 ಇದೆ ಎನ್ನೋಣ. ವರದಿ ಮಾತ್ರ ನೋಡಿದವರು ನೆರಳಿನಲ್ಲಿ ಸಿನಿಯೋಲ್ ಹೆಚ್ಚು ಎನ್ನುತ್ತಾರೆ. ಗುಣಿಸಿ ನೋಡಿದರೆ ಬಿಸಿಲಿನ ಎಲೆಯಲ್ಲಿ 0.9 ಮಿಲಿಲೀಟರ್, ನೆರಳಿನ ಎಲೆಯಲ್ಲಿ 0.6. ನೆರಳಿನಲ್ಲಿ ಉಳಿದ ಘಟಕಗಳು ಇನ್ನೂ ಹೆಚ್ಚು ಇಳಿದಿದ್ದರಿಂದ ಸಿನಿಯೋಲ್ ಮೇಲೆದ್ದು ಕಂಡಿತು, ಅಷ್ಟೆ. ಈ ಗುಣಾಕಾರವನ್ನು ಪ್ರತಿ ಘಟಕಕ್ಕೂ ಮಾಡಿ.

ಸಿನಿಯೋಲ್ ಮತ್ತು ಲಿಮೋನೀನ್ ಎಂಬ ಇನ್ನೊಂದು ಘಟಕ ಸಾಮಾನ್ಯ ಧ್ರುವರಹಿತ ಕಾಲಂನಲ್ಲಿ (ಕಾಲಂ ಎಂದರೆ ಯಂತ್ರದೊಳಗೆ ಘಟಕಗಳನ್ನು ಬೇರ್ಪಡಿಸುವ ಕೊಳವೆ) ಬಹುತೇಕ ಒಟ್ಟಿಗೆ ಹೊರಬರುತ್ತವೆ. ರೋಸ್ಮರಿಗೆ ಧ್ರುವೀಯ ಕಾಲಂನಲ್ಲಿಯೂ ಪರೀಕ್ಷೆ ಮಾಡಿಕೊಡಿ ಎಂದು ಪ್ರಯೋಗಾಲಯವನ್ನು ಕೇಳಿ.

ಕೊಂಡ ಎಣ್ಣೆಯಾದರೆ ಕಲಬೆರಕೆಯ ಅನುಮಾನವನ್ನೂ ಇಟ್ಟುಕೊಳ್ಳಬೇಕು. ನೀಲಗಿರಿ ಎಣ್ಣೆ ಬೆರೆಸಿದರೆ ಸಿನಿಯೋಲ್, ಕರ್ಪೂರದ ಎಣ್ಣೆ ಬೆರೆಸಿದರೆ ಕರ್ಪೂರ, ಟರ್ಪೆಂಟೈನ್ ಬೆರೆಸಿದರೆ ಪೈನೀನ್ ಏರುತ್ತದೆ. ಪೈನೀನ್ ಮತ್ತು ಕರ್ಪೂರದ ಎಡ–ಬಲ ರೂಪಗಳನ್ನು ಬೇರ್ಪಡಿಸಿ ತೋರಿಸುವ ಕೈರಲ್ ಪರೀಕ್ಷೆ ಇದನ್ನು ಹಿಡಿಯುತ್ತದೆ. ಮಾರುವವರ ಬಳಿ ವೈಜ್ಞಾನಿಕ ಹೆಸರು, ದೇಶ ಮತ್ತು ಸಾಧ್ಯವಿದ್ದರೆ ಜಿಲ್ಲೆ, ಕಾಡಿನದೋ ತೋಟದ್ದೋ, ಕೊಯ್ದ ತಿಂಗಳು, ಆ ಬ್ಯಾಚ್‌ನ ಪರೀಕ್ಷಾ ವರದಿ ಇಷ್ಟನ್ನೂ ಕೇಳಿ. ಬಳಕೆಯ ದೃಷ್ಟಿಯಿಂದಲೂ ಇದು ಮುಖ್ಯ. ಕರ್ಪೂರ ಹೆಚ್ಚಿರುವ ಬಗೆ ಅಪಸ್ಮಾರ ಇರುವವರಿಗೆ, ಗರ್ಭಿಣಿಯರಿಗೆ, ಚಿಕ್ಕ ಮಕ್ಕಳಿಗೆ ಸಲ್ಲದು. ಸಿನಿಯೋಲ್ ಹೆಚ್ಚಿರುವುದನ್ನು ಕೂಸುಗಳ ಮುಖದ ಬಳಿ ಒಯ್ಯಬಾರದು. ಯಾವ ಬಗೆಯನ್ನೂ ಕುಡಿಯಬಾರದು; ಚರ್ಮಕ್ಕೆ, ತಲೆಗೆ ಹಚ್ಚುವವರು ಕೊಬ್ಬರಿ ಎಣ್ಣೆಯಂಥದರಲ್ಲಿ ಶೇ 1ರಿಂದ 2ಕ್ಕೆ ಇಳಿಸಿಕೊಳ್ಳಬೇಕು.

ಹಂತ 8: ಕರ್ನಾಟಕದಲ್ಲಿ ಬೆಳೆಯುವವರಿಗೆ

ಇಲ್ಲಿ ರೋಸ್ಮರಿ ಕಾಡುಗಿಡವಲ್ಲ. ಆದರೂ ಬೆಂಗಳೂರಿನ ಎತ್ತರದ ಬಯಲಿನಲ್ಲಿ ಇದನ್ನು ಬೆಳೆಯಬಹುದು ಎಂಬುದು ಗೊತ್ತಿರುವ ಸಂಗತಿ. ಕೇಂದ್ರೀಯ ಔಷಧೀಯ ಮತ್ತು ಸುಗಂಧ ಸಸ್ಯಗಳ ಸಂಸ್ಥೆಯ ಬೆಂಗಳೂರು ಕೇಂದ್ರ ಇದರ ಬೇಸಾಯದ ಮೇಲೆ ಕೆಲಸ ಮಾಡಿದೆ. ಪಕ್ಕದ ನೀಲಗಿರಿಯಲ್ಲಿ ರೈತರು ಬೆಳೆಯುತ್ತಾರೆ.

ತೊಡಕು ಮಳೆಯ ಕಾಲದ್ದು. ತವರಿನಲ್ಲಿ ಈ ಗಿಡಕ್ಕೆ ತೇವ ಸಿಗುವುದು ಚಳಿಯಲ್ಲಿ. ನಮ್ಮಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಶಾಖ ಮತ್ತು ತೇವ ಒಟ್ಟಿಗೆ ಬಂದು ಬೇರು ಕೊಳೆಯುತ್ತದೆ, ಮೋಡ ಮುಸುಕಿ ಬೆಳಕು ಕಡಿಮೆಯಾಗುತ್ತದೆ. ಒಂದಡಿ ಎತ್ತರದ ಏರುಮಡಿಯಲ್ಲಿ, ಮರಳು ಅಥವಾ ಗರಸು ಬೆರೆಸಿದ ಮಣ್ಣಿನಲ್ಲಿ ನೆಡಿ. ಹುಳಿ ಕೆಂಪು ಮಣ್ಣಾದರೆ ಪರೀಕ್ಷೆಯ ಪ್ರಕಾರ ಸುಣ್ಣ ಕೊಡಿ. ಮರದ ನೆರಳು ಬೇಡ. ತಾಯಿಗಿಡವನ್ನು ಆರಿಸುವಾಗ ಅದರ ಎಣ್ಣೆಯ ವರದಿ ಕೇಳಿ ಪಡೆಯಿರಿ. ಬಗೆ ಗೊತ್ತಿಲ್ಲದ ಸಸಿಯನ್ನು ಎಕರೆಗಟ್ಟಲೆ ನೆಟ್ಟ ಮೇಲೆ ಗೊಬ್ಬರ, ನೀರಿನಿಂದ ಅದನ್ನು ತಿದ್ದಲಾಗದು. ಮೊದಲ ವರ್ಷ ಹತ್ತಿಪ್ಪತ್ತು ಗಿಡಗಳಷ್ಟೇ ಇರಲಿ. ಮಳೆಗಾಲ ಮುಗಿದ ಮೇಲೊಮ್ಮೆ, ಫೆಬ್ರವರಿ–ಮಾರ್ಚ್‌ನ ಒಣ ಬಿಸಿಲಿನಲ್ಲೊಮ್ಮೆ ಅವೇ ಗಿಡಗಳಿಂದ ಕೊಯ್ದು, ಮೇಲೆ ಹೇಳಿದ ಅಳತೆಯಲ್ಲೇ ಬಟ್ಟಿ ಇಳಿಸಿ ಎರಡು ವರದಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಹನಿ ನೀರಾವರಿ ಇರುವವರು ಕೊಯ್ಲಿಗೆ ಎರಡು ವಾರ ಮೊದಲು ಅರ್ಧ ಸಾಲುಗಳಿಗೆ ನೀರು ಕಡಿಮೆ ಮಾಡಿ, ಉಳಿದ ಅರ್ಧಕ್ಕೆ ಎಂದಿನಂತೆ ಬಿಟ್ಟು, ಎರಡರ ಎಲೆಯ ತೂಕ ಮತ್ತು ಎಣ್ಣೆಯ ಅಳತೆಯನ್ನು ಬೇರೆ ಬೇರೆ ಬರೆದುಕೊಳ್ಳಿ. ಮರುವರ್ಷ ಎಷ್ಟು ಸಾಲು ಹೆಚ್ಚಿಸಬೇಕು, ಯಾವ ತಿಂಗಳು ಕೊಯ್ಯಬೇಕು ಎಂಬುದನ್ನು ಆ ಅಂಕಿಗಳನ್ನು ನೋಡಿ ತೀರ್ಮಾನಿಸಬಹುದು.